ಹಾಸ್ಪಿಸ್ ಸ್ವಯಂಸೇವಕರಾಗಲು ಬಯಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ಹಾಸ್ಪಿಸ್ ಒಂದರಲ್ಲಿ ಸ್ವಯಂಸೇವಕನಾಗಿರುವ ನಾನು ಈಚೆಗೆ ಹೊಸಬರ ತರಬೇತಿಯಲ್ಲೂ ಭಾಗವಹಿಸುತ್ತಿದ್ದೇನೆ. ಮೊದಲ ದಿನ ಬಂದು ಕೂರುವವರ ಮುಖದಲ್ಲಿ ಕಾಣುವ ಅಳುಕೂ ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಪ್ರಶ್ನೆಗಳಲ್ಲಿ ಹೆಚ್ಚಿನವು ‘ನಾನು ಏನು ಮಾಡಬೇಕು’ ಎಂದಿರುತ್ತವೆ. ಉತ್ತರಗಳಲ್ಲಿ ಹೆಚ್ಚಿನವು ಏನೂ ಮಾಡದೆ ಜೊತೆಗಿರುವುದು ಹೇಗೆ ಎಂಬ ಕಡೆಗೆ ಹೊರಳುತ್ತವೆ. ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುವುದರಿಂದ, ಇಲ್ಲಿ ಬರೆದದ್ದಕ್ಕೂ ನಿಮ್ಮ ಸಂಯೋಜಕರು ಹೇಳುವುದಕ್ಕೂ ವ್ಯತ್ಯಾಸ ಕಂಡರೆ ಸಂಯೋಜಕರ ಮಾತನ್ನೇ ಪಾಲಿಸಿ.

ಹಾಸ್ಪಿಸ್ ಎಂದರೆ ಸಾಯುವವರನ್ನು ಇಡುವ ಆಸ್ಪತ್ರೆಯೇ?

ಹಾಗೆಂದುಕೊಂಡು ಬರುವವರೇ ಹೆಚ್ಚು. ರೋಗವನ್ನು ಗುಣಪಡಿಸುವ ಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲವೆಂದು ತಿಳಿದ ಮೇಲೆ, ಅಥವಾ ಅಂಥ ಚಿಕಿತ್ಸೆ ಇನ್ನು ಸಾಕೆಂದು ರೋಗಿಯೇ ತೀರ್ಮಾನಿಸಿದ ಮೇಲೆ, ಉಳಿದಿರುವ ದಿನಗಳನ್ನು ನೋವಿಲ್ಲದೆ, ಘನತೆಯಿಂದ ಕಳೆಯಲು ನೆರವಾಗುವ ಆರೈಕೆಗೆ ಹಾಸ್ಪಿಸ್ ಎಂದು ಹೆಸರು. ಅದಕ್ಕೆಂದೇ ಕಟ್ಟಿದ ಕಟ್ಟಡಗಳಿವೆಯಾದರೂ ಹಾಸ್ಪಿಸ್ ಎನ್ನುವುದು ಮುಖ್ಯವಾಗಿ ಒಂದು ಬಗೆಯ ಆರೈಕೆ. ಅನೇಕ ದೇಶಗಳಲ್ಲಿ ಅದರ ಬಹುಪಾಲು ನಡೆಯುವುದು ರೋಗಿಯ ಸ್ವಂತ ಮನೆಯಲ್ಲಿ, ಅವರ ಸ್ವಂತ ಹಾಸಿಗೆಯ ಪಕ್ಕದಲ್ಲಿ. ವೈದ್ಯರು, ನರ್ಸ್‌ಗಳು, ಸಮಾಜ ಕಾರ್ಯಕರ್ತರು, ಆಪ್ತಸಮಾಲೋಚಕರು ಮತ್ತು ಸ್ವಯಂಸೇವಕರು ಒಂದೇ ತಂಡವಾಗಿ ಕೆಲಸ ಮಾಡುತ್ತಾರೆ. ಆ ತಂಡದ ಕಣ್ಣಿನಲ್ಲಿ ರೋಗಿಯ ಜೊತೆಗೆ ಮನೆಯವರೂ ಆರೈಕೆ ಬೇಕಾದವರೇ.

ಉಪಶಮನ ಆರೈಕೆಯೂ ಹಾಸ್ಪಿಸ್ ಆರೈಕೆಯೂ ಒಂದೇ ಅಲ್ಲವೇ?

ಸಂಬಂಧವಿದೆ, ಆದರೆ ಒಂದೇ ಅಲ್ಲ. ಪ್ಯಾಲಿಯೇಟಿವ್ ಕೇರ್ ಎಂದು ಕರೆಯುವ ಉಪಶಮನ ಆರೈಕೆಯನ್ನು ಗಂಭೀರ ಕಾಯಿಲೆ ಪತ್ತೆಯಾದ ದಿನದಿಂದಲೇ, ಮೂಲ ಚಿಕಿತ್ಸೆಯ ಜೊತೆಜೊತೆಗೇ ಕೊಡಬಹುದು. ಹಾಸ್ಪಿಸ್ ಅದರ ಕೊನೆಯ ಹಂತ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ಎಂಬ ಆರೋಗ್ಯ ವಿಮೆಯಲ್ಲಿ, ರೋಗವು ತನ್ನ ಸಹಜ ಗತಿಯಲ್ಲಿ ಸಾಗಿದರೆ 6 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಆಯುಸ್ಸು ಉಳಿದಿದೆ ಎಂದು ವೈದ್ಯರು ದೃಢಪಡಿಸಿದಾಗ ಹಾಸ್ಪಿಸ್ ಸೌಲಭ್ಯ ಸಿಗುತ್ತದೆ. ಬೇರೆ ದೇಶಗಳಲ್ಲಿ ಈ ಗೆರೆ ಇಷ್ಟು ಖಚಿತವಾಗಿಲ್ಲ. ‘ಪ್ಯಾಲಿಯೇಟಿವ್’ ಎಂಬ ಹೆಸರನ್ನು 1970ರ ದಶಕದಲ್ಲಿ ಬಳಕೆಗೆ ತಂದವರು ಕೆನಡಾದ ಮಾಂಟ್ರಿಯಲ್ ನಗರದ ಶಸ್ತ್ರವೈದ್ಯ ಬಾಲ್ಫರ್ ಮೌಂಟ್. ಅಲ್ಲಿನ ಫ್ರೆಂಚ್ ಭಾಷಿಕರ ಕಿವಿಯಲ್ಲಿ ‘ಹಾಸ್ಪಿಸ್’ ಎಂದರೆ ದಿಕ್ಕಿಲ್ಲದವರನ್ನು ಸೇರಿಸುವ ಜಾಗ ಎಂಬ ಅರ್ಥ ಇದ್ದುದರಿಂದ, ಹೊದಿಕೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಈ ಮಾತನ್ನು ಅವರು ಆರಿಸಿಕೊಂಡರು.

ಇಷ್ಟೊಂದು ತಜ್ಞರಿರುವಾಗ ಸ್ವಯಂಸೇವಕರು ಏಕೆ ಬೇಕು?

ಈ ಪ್ರಶ್ನೆಗೆ ಉತ್ತರ ಹಾಸ್ಪಿಸ್‌ನ ಇತಿಹಾಸದಲ್ಲೇ ಇದೆ. ಆಧುನಿಕ ಹಾಸ್ಪಿಸ್ ಚಳವಳಿಗೆ ತಳಹದಿ ಹಾಕಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡಿ, 1957ರಲ್ಲಿ ವೈದ್ಯೆಯಾದವರು. ಆದರೆ ವೈದ್ಯೆಯಾಗುವುದಕ್ಕೆ ಎಷ್ಟೋ ಮೊದಲೇ, ಅಂದರೆ 1948ರಿಂದ, ಅವರು ಲಂಡನ್ನಿನ ಸೇಂಟ್ ಲ್ಯೂಕ್ಸ್ ಎಂಬ ಆರೈಕೆ ಗೃಹದಲ್ಲಿ ಸಂಜೆಯ ಹೊತ್ತು ಸ್ವಯಂಸೇವಕಿಯಾಗಿ ಕೆಲಸ ಮಾಡುತ್ತಿದ್ದರು. ನೋವು ಹೆಚ್ಚಾಗುವವರೆಗೆ ಕಾಯದೆ, ನಿಗದಿತ ಹೊತ್ತಿಗೆ ಸರಿಯಾಗಿ ನೋವು ನಿವಾರಕ ಕೊಡುವ ಪದ್ಧತಿಯನ್ನು ಅವರು ಕಂಡದ್ದು ಅಲ್ಲಿಯೇ. ಅದೇ ವರ್ಷ ತೀರಿಕೊಂಡ ಡೇವಿಡ್ ಟಾಸ್ಮಾ ಎಂಬ ಪೋಲಿಷ್ ನಿರಾಶ್ರಿತ, ತನ್ನ ಹಾಸಿಗೆಯ ಬಳಿ ಬಂದು ಕೂರುತ್ತಿದ್ದ ಸಾಂಡರ್ಸ್‌ಗೆ 500 ಪೌಂಡ್ ಬಿಟ್ಟುಹೋಗಿ, ನಿಮ್ಮ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂದಿದ್ದ. ಮುಂದೆ ಸಾಂಡರ್ಸ್ ಕಟ್ಟಿಸಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಲಂಡನ್ನಿನಲ್ಲಿ ಬಾಗಿಲು ತೆರೆದದ್ದು 1967ರಲ್ಲಿ. ಆ ಮನೆಗೆ ಗೋಡೆ ಏಳುವ ಮೊದಲೇ ಕಿಟಕಿ ಸಿದ್ಧವಾಗಿತ್ತು.

ಅಮೆರಿಕದಲ್ಲಿ ಮೆಡಿಕೇರ್ ಹಣ ಪಡೆಯುವ ಹಾಸ್ಪಿಸ್‌ಗಳು, ಸಂಬಳದ ಸಿಬ್ಬಂದಿ ರೋಗಿಗಳ ಆರೈಕೆಗೆ ಕೊಡುವ ಒಟ್ಟು ಗಂಟೆಗಳ ಕನಿಷ್ಠ 5 ಶೇಕಡಾದಷ್ಟನ್ನು ಸ್ವಯಂಸೇವಕರಿಂದ ಪಡೆಯಲೇಬೇಕೆಂಬ ನಿಯಮವಿದೆ. ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಸಂಗಡಿಗರಿಂದ ಶುರುವಾದ ಕೆಲಸ, ಮುಂದೆ ನೆರೆಹೊರೆಯ ಜನರೇ ತರಬೇತಿ ಪಡೆದು ರೋಗಿಗಳ ಮನೆಗೆ ಹೋಗುವ ಜಾಲವಾಗಿ ಹರಡಿ, ಪ್ರಪಂಚದ ಹಲವು ಕಡೆಗಳಿಂದ ಜನ ಬಂದು ನೋಡಿ ಕಲಿಯುವ ಮಾದರಿಯಾಯಿತು. ನರ್ಸ್ ಒಬ್ಬರಿಗೆ ಒಂದು ಸರದಿಯಲ್ಲಿ ಎಷ್ಟೋ ಮಂದಿ ರೋಗಿಗಳಿರುತ್ತಾರೆ. ಅವರು ಹಾಸಿಗೆಯ ಬಳಿ ಬರುವಾಗ ಕೈಯಲ್ಲಿ ಏನಾದರೊಂದು ಕೆಲಸ ಹಿಡಿದೇ ಬಂದಿರುತ್ತಾರೆ. ಬರಿಗೈಯಲ್ಲಿ ಬಂದು ಕೂರಲು ಸಮಯವಿರುವುದು ಸ್ವಯಂಸೇವಕರೊಬ್ಬರಿಗೆ ಮಾತ್ರ.

ಸ್ವಯಂಸೇವಕರು ನಿಜವಾಗಿ ಮಾಡುವ ಕೆಲಸ ಯಾವುದು?

ಹೊರಗಿನಿಂದ ನೋಡಿದವರಿಗೆ ಹೇಳಿಕೊಳ್ಳುವಂಥ ಕೆಲಸವೇ ಕಾಣುವುದಿಲ್ಲ. ಪಕ್ಕದಲ್ಲಿ ಕೂರುವುದು, ಹೇಳಿದ ಕತೆಯನ್ನೇ ಮೂರನೆಯ ಸಲ ಹೇಳಿದರೂ ಕೇಳಿಸಿಕೊಳ್ಳುವುದು, ಪತ್ರಿಕೆ ಓದಿ ಹೇಳುವುದು, ಅವರು ಹೇಳಿದ್ದನ್ನು ಪತ್ರವಾಗಿ ಬರೆದುಕೊಡುವುದು, ಕಿಟಕಿಯ ಪರದೆ ಸರಿಸುವುದು, ದಿಂಬು ಸರಿಮಾಡುವುದು, ಹಗಲು ರಾತ್ರಿ ನೋಡಿಕೊಂಡು ದಣಿದ ಹೆಂಡತಿಯೋ ಮಗನೋ ಎರಡು ಗಂಟೆ ಮಲಗಲೆಂದು ಅವರ ಜಾಗದಲ್ಲಿ ಇರುವುದು. ಮನೆಗೆ ಹೋಗುವ ಸ್ವಯಂಸೇವಕರ ಕೆಲಸದಲ್ಲಿ ಈ ಕೊನೆಯದಕ್ಕೇ ಹೆಚ್ಚಿನ ಬೆಲೆ ಎಂದು ನನಗೆ ಅನ್ನಿಸಿದೆ. ಆರೈಕೆ ಮಾಡುವವರು ಕುಸಿದುಬಿದ್ದರೆ ರೋಗಿ ಮನೆಯಲ್ಲೇ ಉಳಿಯುವುದು ಸಾಧ್ಯವಾಗುವುದಿಲ್ಲ.

ಒಂದು ಚಿಕ್ಕ ಕೆಲಸವನ್ನು ಹತ್ತಿರದಿಂದ ಹೇಳುತ್ತೇನೆ. ಕೊನೆಯ ದಿನಗಳಲ್ಲಿ ಬಾಯಿಯಿಂದ ಉಸಿರಾಡುವವರ ತುಟಿ ಮತ್ತು ನಾಲಿಗೆ ಒಣಗಿ ಬಿರುಕು ಬಿಡುತ್ತದೆ. ಕಡ್ಡಿಯ ತುದಿಯಲ್ಲಿ ಪುಟ್ಟ ಸ್ಪಂಜು ಸಿಕ್ಕಿಸಿದ ಒಂದು ಸಾಧನವಿರುತ್ತದೆ. ಅದನ್ನು ನೀರಿನಲ್ಲಿ ಅದ್ದಿ, ಲೋಟದ ಅಂಚಿಗೆ ಒತ್ತಿ ಹೆಚ್ಚಿನ ನೀರು ತೆಗೆದು, ಮೊದಲು ಕೆಳತುಟಿ, ಆಮೇಲೆ ಕೆನ್ನೆಯ ಒಳಭಾಗ, ಕೊನೆಗೆ ನಾಲಿಗೆಯ ಮುಂಭಾಗವನ್ನು ನಿಧಾನವಾಗಿ ಒದ್ದೆ ಮಾಡಬೇಕು. ಹಿಂದಕ್ಕೆ ಹೋದರೆ ಓಕರಿಕೆ ಬರುತ್ತದೆ, ನೀರು ಹೆಚ್ಚಾದರೆ ಉಸಿರುಗಟ್ಟುತ್ತದೆ. ಆದ್ದರಿಂದ ನರ್ಸ್ ತೋರಿಸಿಕೊಟ್ಟು, ಒಪ್ಪಿಗೆ ಕೊಟ್ಟ ಮೇಲೆಯೇ ಇದನ್ನು ಮಾಡುವುದು. ಅರ್ಧ ನಿಮಿಷದ ಕೆಲಸ. ಮಾತು ನಿಂತು ಎರಡು ದಿನವಾಗಿದ್ದ ಒಬ್ಬರು ಆ ಸ್ಪಂಜನ್ನು ತುಟಿಗಳಿಂದ ಹಿಡಿದುಕೊಂಡು ಬಿಡದೇ ಇದ್ದುದನ್ನು ನೋಡಿದ ಮೇಲೆ, ನಾನು ಆ ಅರ್ಧ ನಿಮಿಷವನ್ನು ಅವಸರದಲ್ಲಿ ಮುಗಿಸಿಲ್ಲ.

ಮಾಡಬಾರದ ಕೆಲಸಗಳು ಯಾವುವು?

ಔಷಧಿ ಕೊಡುವುದು, ಡೋಸ್ ಬದಲಿಸುವುದು, ಪಂಪು ಅಥವಾ ಆಮ್ಲಜನಕದ ಯಂತ್ರವನ್ನು ಮುಟ್ಟುವುದು, ಗಾಯದ ಪಟ್ಟಿ ಬದಲಿಸುವುದು ಇವು ಸ್ವಯಂಸೇವಕರ ಕೆಲಸವಲ್ಲ. ನೀವು ವೃತ್ತಿಯಿಂದ ನರ್ಸ್ ಆಗಿದ್ದರೂ ಅಲ್ಲ. ಚಿಕಿತ್ಸೆಯ ಬಗ್ಗೆ ಸಲಹೆ ಕೊಡುವಂತಿಲ್ಲ. ಎಲ್ಲೋ ಓದಿದ, ಯಾರೋ ಗುಣವಾದರೆಂದು ಕೇಳಿದ ಮದ್ದಿನ ಮಾತಂತೂ ಬಾಯಿಗೆ ಬರಲೇಬಾರದು. ಉಯಿಲು, ಆಸ್ತಿ, ಬ್ಯಾಂಕಿನ ಕಾಗದಗಳಿಗೆ ಸಾಕ್ಷಿ ಹಾಕಬಾರದು. ಮನೆಯವರ ಜಗಳದಲ್ಲಿ ಪಕ್ಷ ವಹಿಸಬಾರದು. ಮಗ್ಗುಲು ಬದಲಿಸುವುದು, ಕುರ್ಚಿಗೆ ಕೂರಿಸುವುದು ಮುಂತಾದವನ್ನು ಕೆಲವು ಸಂಸ್ಥೆಗಳು ತರಬೇತಿ ಕೊಟ್ಟು ಮಾಡಿಸುತ್ತವೆ, ಕೆಲವು ಮಾಡಿಸುವುದಿಲ್ಲ. ತಿಳಿಯದಿದ್ದರೆ ಕರೆಗಂಟೆ ಒತ್ತಿ ನರ್ಸ್ ಅವರನ್ನು ಕರೆಯಿರಿ.

ನನಗೆ ವೈದ್ಯಕೀಯದ ಗಂಧವೂ ಇಲ್ಲ. ನಾನು ಸೇರಬಹುದೇ?

ಸೇರಬಹುದು. ಅದಿಲ್ಲದಿರುವುದೇ ಕೆಲವೊಮ್ಮೆ ಅನುಕೂಲ. ಮೈಯನ್ನು ಪರೀಕ್ಷಿಸುವ ಕಣ್ಣಿನಿಂದ ನೋಡದೆ ನೀವು ಮನುಷ್ಯನನ್ನು ಮಾತ್ರ ನೋಡುತ್ತೀರಿ. ಬೇಕಾದ ಗುಣಗಳೆಂದರೆ ಹೇಳಿದ ಹೊತ್ತಿಗೆ ಬರುವುದು, ಕೇಳಿದ್ದನ್ನು ಹೊರಗೆ ಆಡದಿರುವುದು, ಮೌನ ಬಂದಾಗ ಚಡಪಡಿಸದಿರುವುದು. ರೋಗಿಗಳ ಹತ್ತಿರ ಕೆಲಸ ಮಾಡಲು ಹೆಚ್ಚಿನ ಕಡೆ 18 ವರ್ಷ ತುಂಬಿರಬೇಕು. ಮೇಲಿನ ವಯೋಮಿತಿ ಸಾಮಾನ್ಯವಾಗಿ ಇರುವುದಿಲ್ಲ.

ಪುರುಷರು ಕಡಿಮೆ ಬರುತ್ತಾರೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಂಡಸರೊಂದಿಗೆ ಮಾತ್ರ ಕೆಲವು ಮಾತು ಆಡಬಲ್ಲ ರೋಗಿಗಳಿರುತ್ತಾರೆ, ದಯವಿಟ್ಟು ಬನ್ನಿ.

ಈಚೆಗೆ ನನ್ನ ತಾಯಿ ತೀರಿಕೊಂಡರು. ಅವರ ನೆನಪಿನಲ್ಲಿ ಈ ಸೇವೆ ಮಾಡಬೇಕೆಂದಿದೆ. ಈಗಲೇ ಸೇರಬಹುದೇ?

ನಿಮ್ಮ ಮನಸ್ಸು ಅರ್ಥವಾಗುತ್ತದೆ. ಹಾಸ್ಪಿಸ್‌ಗೆ ಬರುವ ಸ್ವಯಂಸೇವಕರಲ್ಲಿ ಬಹಳ ಮಂದಿ ಇಂಥದೇ ಕಾರಣದಿಂದ ಬಂದವರು. ಆದರೂ ಹತ್ತಿರದವರು ತೀರಿಕೊಂಡು ಸುಮಾರು ಒಂದು ವರ್ಷ ಕಳೆಯುವವರೆಗೆ ರೋಗಿಗಳ ಹಾಸಿಗೆಯ ಬಳಿಗೆ ಕಳಿಸದಿರುವುದು ಅನೇಕ ಸಂಸ್ಥೆಗಳ ರೂಢಿ. ಶೋಕ ಹಸಿಯಾಗಿರುವಾಗ ಪ್ರತಿಯೊಬ್ಬ ರೋಗಿಯಲ್ಲೂ ತಾಯಿಯೇ ಕಾಣಿಸುತ್ತಾರೆ. ಅಲ್ಲಿ ಮಲಗಿರುವವರು ನಿಮ್ಮನ್ನು ಸಮಾಧಾನಪಡಿಸಬೇಕಾಗಿ ಬರುತ್ತದೆ, ಅಥವಾ ತಾಯಿಗೆ ಮಾಡಲಾಗದೆ ಉಳಿದದ್ದನ್ನೆಲ್ಲ ಅವರಿಗೆ ಬೇಡವಾದರೂ ಮಾಡಲು ಹೊರಡುತ್ತೀರಿ. ಅಲ್ಲಿಯವರೆಗೆ ಕಚೇರಿಯ ಕೆಲಸ, ತೋಟದ ಕೆಲಸ, ನಿಧಿ ಸಂಗ್ರಹದ ಕೆಲಸ ಕೇಳಿ ಪಡೆಯಬಹುದು. ಸಂದರ್ಶನದಲ್ಲಿ ಈ ವಿಷಯವನ್ನು ಮುಚ್ಚಿಡಬೇಡಿ.

ಅರ್ಜಿ ಹಾಕಿದ ಮೇಲೆ ಏನಾಗುತ್ತದೆ?

ಸಂಯೋಜಕರು ಕರೆದು ಮಾತನಾಡಿಸುತ್ತಾರೆ. ಗುರುತಿನ ದಾಖಲೆ, ನಿಮ್ಮನ್ನು ಬಲ್ಲ ಒಬ್ಬಿಬ್ಬರ ಶಿಫಾರಸು, ಹಲವೆಡೆ ಪೊಲೀಸ್ ಪರಿಶೀಲನೆ, ಕ್ಷಯರೋಗದ ತಪಾಸಣೆ ಮತ್ತು ಲಸಿಕೆಯ ವಿವರ ಕೇಳುತ್ತಾರೆ. ಸಂದರ್ಶನದಲ್ಲಿ ಸಾವಿನ ಜೊತೆಗಿನ ನಿಮ್ಮ ಅನುಭವದ ಬಗ್ಗೆ ಪ್ರಶ್ನೆಗಳು ಬರುತ್ತವೆ. ಅವಕ್ಕೆ ಸರಿಯುತ್ತರ ಎಂಬುದಿಲ್ಲ. ‘ನನಗೆ ಸಾವೆಂದರೆ ಭಯವೇ ಇಲ್ಲ’ ಎಂದು ಘಂಟಾಘೋಷವಾಗಿ ಹೇಳುವವರಿಗಿಂತ ‘ಸ್ವಲ್ಪ ಭಯವಿದೆ’ ಎಂದು ಒಪ್ಪಿಕೊಳ್ಳುವವರ ಬಗ್ಗೆ ನನಗೆ ಹೆಚ್ಚು ನಂಬಿಕೆ.

ತರಬೇತಿ ಎಷ್ಟು ದಿನ? ಅದರಲ್ಲಿ ಏನು ಕಲಿಸುತ್ತಾರೆ?

ಹಲವು ಕಡೆ 15ರಿಂದ 30 ಗಂಟೆಗಳಷ್ಟು ತರಬೇತಿ ಇರುತ್ತದೆ. ಅದನ್ನು ಕೆಲವು ವಾರಗಳಿಗೆ ಹಂಚಿರುತ್ತಾರೆ. ಹಾಸ್ಪಿಸ್‌ನ ತತ್ವ, ಕೇಳಿಸಿಕೊಳ್ಳುವ ಕಲೆ, ಕೈ ತೊಳೆಯುವುದು ಮತ್ತು ಸೋಂಕಿನ ತಡೆ, ಗೋಪ್ಯತೆ, ಶೋಕದ ಸ್ವರೂಪ, ಸಾವು ಸಮೀಪಿಸುವಾಗ ದೇಹದಲ್ಲಿ ಆಗುವ ಬದಲಾವಣೆಗಳು, ಗಾಲಿಕುರ್ಚಿ ತಳ್ಳುವುದು, ಮರೆವಿನ ಕಾಯಿಲೆ ಇರುವವರೊಂದಿಗೆ ಮಾತನಾಡುವುದು ಇವೆಲ್ಲ ಪಾಠದಲ್ಲಿರುತ್ತವೆ. ಸಾಂಡರ್ಸ್ 1960ರ ದಶಕದ ಆರಂಭದಲ್ಲಿ ಮುಂದಿಟ್ಟ ‘ಸಮಗ್ರ ನೋವು’ ಎಂಬ ಪರಿಕಲ್ಪನೆಯನ್ನು ಇಂದಿಗೂ ಮೊದಲ ತರಗತಿಗಳಲ್ಲೇ ಹೇಳಿಕೊಡುತ್ತಾರೆ: ಮೈಯ ನೋವು, ಮನಸ್ಸಿನ ನೋವು, ಮನೆ ಮತ್ತು ಹಣದ ಚಿಂತೆ, ಬದುಕಿನ ಅರ್ಥವೇನೆಂಬ ತಳಮಳ ಇವು ನಾಲ್ಕೂ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ, ಒಂದನ್ನು ಬಿಟ್ಟು ಇನ್ನೊಂದನ್ನು ಶಮನಗೊಳಿಸಲಾಗದು ಎಂಬುದು ಅದರ ತಿರುಳು. ತರಗತಿ ಮುಗಿದ ಮೇಲೆ ಕೆಲವು ಭೇಟಿಗಳಿಗೆ ಅನುಭವಸ್ಥ ಸ್ವಯಂಸೇವಕರೊಬ್ಬರ ಜೊತೆಗೆ ಹೋಗುತ್ತೀರಿ.

ವಾರಕ್ಕೆ ಎಷ್ಟು ಸಮಯ ಕೊಡಬೇಕು?

ಸಾಮಾನ್ಯವಾಗಿ ವಾರಕ್ಕೊಮ್ಮೆ ಎರಡರಿಂದ ನಾಲ್ಕು ಗಂಟೆ, ಕನಿಷ್ಠ ಆರು ತಿಂಗಳು ಅಥವಾ ಒಂದು ವರ್ಷ. ಇದಕ್ಕಿಂತ ಕಡಿಮೆ ಕೊಡಬಹುದು, ಆದರೆ ಹೇಳಿದಷ್ಟನ್ನು ತಪ್ಪದೆ ಕೊಡಬೇಕು. ಹೊರಗಿನವರಿಗೆ ಒಂದು ಮಂಗಳವಾರ ತಪ್ಪಿದರೆ ಇನ್ನೊಂದು ಮಂಗಳವಾರ ಬರುತ್ತದೆ. ರೋಗಿಗೆ ಹಾಗೆ ಹೇಳಲಾಗದು. ಬರಲಾಗದಿದ್ದರೆ ಮೊದಲೇ ಕರೆ ಮಾಡಿ ತಿಳಿಸಿ.

ಮೊದಲ ಭೇಟಿಯಲ್ಲಿ ಏನು ಮಾತನಾಡಬೇಕು?

ಎಲ್ಲರನ್ನೂ ಕಾಡುವ ಪ್ರಶ್ನೆ ಇದೇ. ಒಳಗೆ ಹೋಗುವ ಮೊದಲು ನರ್ಸ್ ಹತ್ತಿರ ಇಂದಿನ ಸ್ಥಿತಿ ಕೇಳಿಕೊಳ್ಳಿ. ಬಾಗಿಲು ತಟ್ಟಿ, ಹೆಸರು ಹೇಳಿ, ನೀವು ಸ್ವಯಂಸೇವಕರೆಂದು ತಿಳಿಸಿ, ‘ಸ್ವಲ್ಪ ಹೊತ್ತು ಕೂರಬಹುದೇ?’ ಎಂದು ಕೇಳಿ. ಬೇಡವೆಂದರೆ ‘ಸರಿ, ಇನ್ನೊಂದು ದಿನ ಬಂದು ಕೇಳುತ್ತೇನೆ’ ಎಂದು ಹೊರಬನ್ನಿ. ಹಾಸ್ಪಿಸ್‌ನಲ್ಲಿರುವವರಿಗೆ ಊಟದ ಹೊತ್ತು, ಸ್ನಾನದ ಹೊತ್ತು, ಸೂಜಿಯ ಹೊತ್ತು ಎಲ್ಲವನ್ನೂ ಬೇರೆಯವರೇ ನಿರ್ಧರಿಸುತ್ತಾರೆ. ಬೇಡವೆಂದು ಹೇಳಿ ಕಳಿಸಬಹುದಾದ ಒಬ್ಬನೇ ಮನುಷ್ಯ ನೀವಾಗಿದ್ದರೆ ಅದೂ ನೀವು ಮಾಡಿದ ಉಪಕಾರವೇ.

ಕೂರಬಹುದೆಂದರೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳಿ. ನಿಂತುಕೊಂಡೇ ಮಾತನಾಡಿದರೆ ಮಲಗಿದವರು ಕತ್ತು ಮೇಲೆತ್ತಿ ನೋಡಬೇಕು, ಅದೂ ಅಲ್ಲದೆ ಈಗಲೋ ಆಗಲೋ ಹೊರಡುವವರಂತೆ ನೀವು ಕಾಣುತ್ತೀರಿ. ನಿಮ್ಮ ಕಣ್ಣು ಅವರ ಕಣ್ಣಿನ ಮಟ್ಟಕ್ಕೆ ಬರಲಿ. ಬೆಳಕು ಹಿಂದಿನಿಂದ ಬೀಳುತ್ತಿದ್ದರೆ ನಿಮ್ಮ ಮುಖ ಅವರಿಗೆ ಕಾಣದು, ಕುರ್ಚಿ ಆಚೆಗೆ ಸರಿಸಿ. ಹಾಸಿಗೆಯ ಮೇಲೆ ಕೂರಬೇಡಿ. ಒಂದಿಷ್ಟು ಅಲುಗಿದರೂ ನೋಯುವ ಮೈ ಇರಬಹುದು. ಫೋನನ್ನು ಸದ್ದಿಲ್ಲದಂತೆ ಮಾಡಿ ಜೇಬಿನಲ್ಲಿಡಿ.

ಆಮೇಲೆ ಮಾತು ತಾನಾಗಿ ಬಂದರೆ ಬರುತ್ತದೆ. ಕೋಣೆಯಲ್ಲಿರುವ ಒಂದು ಫೋಟೊ, ಗೋಡೆಯ ಮೇಲಿನ ಕ್ಯಾಲೆಂಡರು, ಹೊರಗಿನ ಮಳೆ ಇದ್ದೇ ಇರುತ್ತವೆ. ‘ಹೇಗಿದ್ದೀರಿ?’ ಎಂದು ಕೇಳುವ ಬದಲು ‘ಇವತ್ತು ಬೆಳಗಿನಿಂದ ಹೇಗನಿಸುತ್ತಿದೆ?’ ಎಂದು ಕೇಳಿದರೆ ಉತ್ತರ ಹೇಳುವುದು ಸುಲಭ. ‘ಧೈರ್ಯವಾಗಿರಿ’, ‘ಎಲ್ಲ ಸರಿಹೋಗುತ್ತದೆ’, ‘ನಿಮ್ಮ ಕಷ್ಟ ನನಗೆ ಗೊತ್ತು’ ಈ ಮೂರು ಮಾತುಗಳನ್ನು ಮನೆಯಲ್ಲೇ ಬಿಟ್ಟುಬನ್ನಿ. ನನ್ನ ಮೊದಲ ಭೇಟಿಯಲ್ಲಿ ಇಪ್ಪತ್ತು ನಿಮಿಷ ಎಡೆಬಿಡದೆ ಮಾತನಾಡಿದ್ದೆ, ಅದರಲ್ಲಿ ಅರ್ಧ ನನ್ನದೇ ಕತೆ. ಹೊರಡುವಾಗ ಆ ಹಿರಿಯರು, ‘ಮುಂದಿನ ಸಲ ಬಂದಾಗ ಸ್ವಲ್ಪ ಸುಮ್ಮನೆ ಕೂರೋಣ’ ಎಂದರು. ಎರಡನೆಯ ಭೇಟಿಯಲ್ಲಿ ನಾವು ಹಾಗೆಯೇ ಕೂತೆವು.

‘ನಾನು ಸಾಯುತ್ತಿದ್ದೇನೆಯೇ?’ ಎಂದು ರೋಗಿ ಕೇಳಿದರೆ ಏನು ಹೇಳಲಿ?

ಹೌದು ಎಂದೂ ಇಲ್ಲ ಎಂದೂ ಹೇಳುವ ಅಧಿಕಾರ ನಿಮಗಿಲ್ಲ. ಆದರೆ ಮಾತು ಹಾರಿಸುವ ಹಕ್ಕೂ ಇಲ್ಲ. ‘ನಿಮಗೆ ಹಾಗೆ ಏಕೆ ಅನಿಸಿತು?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಹಲವು ಸಲ ಆ ಪ್ರಶ್ನೆಯ ಹಿಂದೆ ಬೇರೊಂದು ಪ್ರಶ್ನೆ ಇರುತ್ತದೆ: ತುಂಬ ನೋಯುತ್ತದೆಯೇ, ಆ ಹೊತ್ತಿಗೆ ಯಾರಾದರೂ ಹತ್ತಿರ ಇರುತ್ತಾರೆಯೇ, ಮಗಳ ಗತಿಯೇನು. ಕೇಳಿಸಿಕೊಂಡ ಮೇಲೆ, ‘ಈ ವಿಷಯವನ್ನು ನರ್ಸ್ ಅಥವಾ ಡಾಕ್ಟರಿಗೆ ತಿಳಿಸಲೇ?’ ಎಂದು ಒಪ್ಪಿಗೆ ಪಡೆದು ತಂಡಕ್ಕೆ ಮುಟ್ಟಿಸಿ.

ರೋಗಿಗೆ ವಿಷಯ ತಿಳಿಸಬೇಡಿ ಎಂದು ಮನೆಯವರು ಕೇಳಿಕೊಂಡರೆ?

ಇದು ಬಹಳ ಸಾಮಾನ್ಯ, ಬಹಳ ಇಕ್ಕಟ್ಟಿನದು. ರೋಗದ ಸುದ್ದಿ ತಿಳಿಸುವುದು ಹೇಗಿದ್ದರೂ ನಿಮ್ಮ ಕೆಲಸವಲ್ಲ, ಆದ್ದರಿಂದ ನೀವಾಗಿ ಆ ಮಾತು ಎತ್ತುವುದಿಲ್ಲವೆಂದು ಭರವಸೆ ಕೊಡಬಹುದು. ಕೇಳಿದಾಗ ಸುಳ್ಳು ಹೇಳುತ್ತೇನೆಂಬ ಭರವಸೆ ಕೊಡಬೇಡಿ. ಮುಚ್ಚಿಡುವುದು ಪ್ರೀತಿಯಿಂದಲೇ. ಆದರೆ ರೋಗಿಗೆ ಎಲ್ಲ ತಿಳಿದಿದ್ದು, ಮನೆಯವರು ನೊಂದುಕೊಳ್ಳುತ್ತಾರೆಂದು ಅವರೂ ಏನೂ ಗೊತ್ತಿಲ್ಲದವರಂತೆ ಇರುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ; ಇಬ್ಬರೂ ಒಬ್ಬರಿಂದೊಬ್ಬರು ಒಂದೇ ಗುಟ್ಟನ್ನು ಬಚ್ಚಿಡುತ್ತಿರುತ್ತಾರೆ. ಇಂಥ ಗಂಟನ್ನು ಬಿಡಿಸಲು ತಂಡದಲ್ಲಿ ಅದಕ್ಕೆಂದೇ ಪಳಗಿದವರಿದ್ದಾರೆ, ಅವರಿಗೆ ಹೇಳಿ.

ಮಾರ್ಫೀನ್ ಕೊಟ್ಟರೆ ಬೇಗ ಸಾಯುತ್ತಾರೆಂಬುದು ನಿಜವೇ?

ಮನೆಯವರು ಈ ಪ್ರಶ್ನೆಯನ್ನು ವೈದ್ಯರಿಗೆ ಕೇಳಲು ಹಿಂಜರಿದು ಸ್ವಯಂಸೇವಕರಿಗೆ ಕೇಳುತ್ತಾರೆ. ನೋವಿಗೆ ತಕ್ಕ ಪ್ರಮಾಣದಲ್ಲಿ, ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ, ಬಲ್ಲವರ ಉಸ್ತುವಾರಿಯಲ್ಲಿ ಕೊಡುವ ಮಾರ್ಫೀನ್ ಸಾವನ್ನು ಬೇಗ ತರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಪ್ರಕಟಿಸಿದ, ಕ್ಯಾನ್ಸರ್ ನೋವಿನ ಮೂರು ಮೆಟ್ಟಿಲುಗಳ ಕ್ರಮದಲ್ಲಿ ತೀವ್ರ ನೋವಿಗೆ ಹೇಳಿದ ಮದ್ದು ಇದೇ. ಕೊನೆಯ ಡೋಸ್ ಆದಮೇಲೆ ಸಾವು ಬಂದದ್ದನ್ನು ಕಂಡವರಿಗೆ ಡೋಸಿನಿಂದಲೇ ಸಾವು ಬಂತೆನಿಸುವುದು ಸಹಜ. ಇಷ್ಟು ತಿಳಿದಿದ್ದರೂ ನೀವು ವಿವರಿಸಲು ಹೋಗದೆ, ‘ಒಳ್ಳೆಯ ಪ್ರಶ್ನೆ, ಇದನ್ನು ನರ್ಸ್ ಹತ್ತಿರ ಕೇಳೋಣ ಬನ್ನಿ’ ಎಂದು ಅವರನ್ನು ಕರೆದುಕೊಂಡು ಹೋಗುವುದು ಸರಿಯಾದ ಕ್ರಮ.

ರೋಗಿ ಊಟ ಬಿಟ್ಟಿದ್ದಾರೆ. ಒಂದು ತುತ್ತಾದರೂ ತಿನ್ನಿಸಬಾರದೇ?

ಒತ್ತಾಯಿಸಬಾರದು. ದೇಹ ಮುಚ್ಚಿಕೊಳ್ಳುತ್ತಾ ಬಂದಂತೆ ಹಸಿವು ಬಾಯಾರಿಕೆಗಳು ತಾವಾಗಿ ಕಡಿಮೆಯಾಗುತ್ತವೆ. ಊಟ ಬಿಟ್ಟದ್ದರಿಂದ ಸಾವು ಹತ್ತಿರ ಬರುತ್ತಿದೆ ಎಂದು ನಮಗೆ ತೋರುತ್ತದೆ, ಆದರೆ ಸಾವು ಹತ್ತಿರ ಬಂದದ್ದರಿಂದಲೇ ಊಟ ಬೇಡವಾಗಿರುತ್ತದೆ. ನುಂಗುವ ಶಕ್ತಿ ಕುಂದಿದವರ ಬಾಯಿಗೆ ತುತ್ತಿಟ್ಟರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ತಿನ್ನಿಸುವುದೇ ಪ್ರೀತಿ ಎಂದು ಬೆಳೆದ ಮನೆಯವರಿಗೆ ಇದನ್ನು ಒಪ್ಪುವುದು ಬಹಳ ಕಷ್ಟ. ಕೈಗೆ ಎಣ್ಣೆ ಸವರುವುದು, ತುಟಿ ಒದ್ದೆ ಮಾಡುವುದು, ತಲೆ ಬಾಚುವುದು ಹೀಗೆ ಕೈಗೊಂದು ಕೆಲಸ ತೋರಿಸಿಕೊಟ್ಟರೆ ಅವರಿಗೆ ಸ್ವಲ್ಪ ನೆಮ್ಮದಿ ಸಿಗುತ್ತದೆ.

ದೇವರು, ಧರ್ಮದ ಮಾತು ಬಂದರೆ?

ಅವರದನ್ನು ಕೇಳಿಸಿಕೊಳ್ಳಿ, ನಿಮ್ಮದನ್ನು ಹೇಳಬೇಡಿ. ಜೊತೆಗೆ ಪ್ರಾರ್ಥಿಸಿ ಎಂದು ಅವರೇ ಕೇಳಿದರೆ ಅವರ ಪದ್ಧತಿಯಲ್ಲಿ ಪಕ್ಕದಲ್ಲಿ ಮೌನವಾಗಿ ಕೂರಬಹುದು. ಮತಪ್ರಚಾರಕ್ಕೆ ಹಾಸ್ಪಿಸ್‌ನಲ್ಲಿ ಜಾಗವಿಲ್ಲ; ನಾಸ್ತಿಕತೆಯ ಪ್ರಚಾರಕ್ಕೂ ಇಲ್ಲ.

ನನ್ನ ಕಣ್ಣೆದುರೇ ಜೀವ ಹೋದರೆ ಏನು ಮಾಡಬೇಕು? ಅದು ಮೊದಲೇ ತಿಳಿಯುತ್ತದೆಯೇ?

ಎಷ್ಟೋ ಸಲ ತಿಳಿಯುತ್ತದೆ, ಯಾವಾಗಲೂ ಅಲ್ಲ. ಕೊನೆಯ ದಿನಗಳಲ್ಲಿ ನಿದ್ದೆ ಹೆಚ್ಚಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮಂಡಿ ಮತ್ತು ಪಾದಗಳ ಚರ್ಮದ ಮೇಲೆ ನೇರಳೆ ಬಣ್ಣದ ಕಲೆಗಳು ಮೂಡುತ್ತವೆ. ಉಸಿರು ಆಳವಾಗುತ್ತಾ ಹೋಗಿ, ಮತ್ತೆ ಮೇಲುಮೇಲಾಗಿ, ಕೆಲವು ಸೆಕೆಂಡು ಪೂರ್ತಿ ನಿಂತು, ಪುನಃ ಶುರುವಾಗುತ್ತದೆ. 19ನೆಯ ಶತಮಾನದಲ್ಲಿ ಡಬ್ಲಿನ್ನಿನಲ್ಲಿದ್ದ ಇಬ್ಬರು ವೈದ್ಯರು ಇದನ್ನು ವರ್ಣಿಸಿದ್ದರಿಂದ ಚೇನ್–ಸ್ಟೋಕ್ಸ್ ಉಸಿರಾಟ ಎಂಬ ಹೆಸರು ಬಂದಿದೆ. ನುಂಗಲಾಗದ ಜೊಲ್ಲು ಗಂಟಲಿನಲ್ಲಿ ಸೇರಿ ಗೊರಗೊರ ಸದ್ದಾಗುತ್ತದೆ. ಕೇಳುವವರಿಗೆ ಅದು ಭಯಾನಕ. ಪ್ರಜ್ಞೆ ಇಳಿದಿರುವ ರೋಗಿಗೆ ಅದರಿಂದ ಬಾಧೆಯಿಲ್ಲ ಎಂಬುದು ಉಪಶಮನ ವೈದ್ಯರ ಸಾಮಾನ್ಯ ಅಭಿಪ್ರಾಯ. ಕೆಲವರು ಸಾವಿಗೆ ಮೊದಲು ಒಂದು ದಿನ ಇದ್ದಕ್ಕಿದ್ದಂತೆ ಚೇತರಿಸಿಕೊಂಡು ಎದ್ದು ಕೂತು ಮಾತನಾಡುವುದುಂಟು. ಮನೆಯವರು ಗುಣವಾಯಿತೆಂದು ಹಿಗ್ಗುತ್ತಾರೆ. ಆ ದಿನವನ್ನು ಅವರ ಪಾಡಿಗೆ ಬಿಡಿ.

ಕೇಳುವ ಶಕ್ತಿ ಕೊನೆಯವರೆಗೂ ಉಳಿದಿರಬಹುದೆಂಬ ಎಣಿಕೆಯಲ್ಲೇ ನಾವು ನಡೆದುಕೊಳ್ಳುತ್ತೇವೆ. ಪ್ರಜ್ಞೆ ಇಲ್ಲದವರ ತಲೆಯ ಮೇಲಿನಿಂದ ಅವರ ಕಾಯಿಲೆಯ ಮಾತು, ಖರ್ಚಿನ ಮಾತು ಆಡಬೇಡಿ. ಕೈ ಹಿಡಿಯುವಾಗ ನಿಮ್ಮ ಕೈಯನ್ನು ಅವರ ಕೈಯ ಕೆಳಗಿಡಿ. ಬೇಡವೆನಿಸಿದರೆ ಅವರು ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಸುಲಭ.

ಉಸಿರು ನಿಂತಿತೆನಿಸಿದಾಗ ಓಡಬೇಕಾಗಿಲ್ಲ, ಕೂಗಬೇಕಾಗಿಲ್ಲ. ನರ್ಸ್‌ಗೆ ತಿಳಿಸಿ, ಮನೆಯಲ್ಲಿದ್ದರೆ ಮೊದಲೇ ಕೊಟ್ಟಿರುವ ಹಾಸ್ಪಿಸ್ ಸಂಖ್ಯೆಗೆ ಕರೆ ಮಾಡಿ. ಸಾವನ್ನು ಘೋಷಿಸುವುದು ಅಧಿಕಾರವುಳ್ಳವರ ಕೆಲಸ. ಮನೆಯವರಿದ್ದರೆ ಅವರಿಗೆ ಹಾಸಿಗೆಯ ಪಕ್ಕದ ಜಾಗ ಬಿಟ್ಟುಕೊಟ್ಟು ಹಿಂದೆ ಸರಿಯಿರಿ.

ಯಾರೂ ಇಲ್ಲದವರ ಕೊನೆಯ ಗಂಟೆಗಳಲ್ಲಿ ಜೊತೆಗಿರುವ ಸ್ವಯಂಸೇವಕರು ಇದ್ದಾರೆಯೇ?

ಇದ್ದಾರೆ. ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ನಗರದಲ್ಲಿ ಸಾಂಡ್ರಾ ಕ್ಲಾರ್ಕ್ ಎಂಬ ನರ್ಸ್, ಸ್ವಲ್ಪ ಹೊತ್ತು ನನ್ನ ಹತ್ತಿರ ಕೂರು ಎಂದು ಕೇಳಿದ ವೃದ್ಧರೊಬ್ಬರಿಗೆ ಉಳಿದ ರೋಗಿಗಳನ್ನು ನೋಡಿ ಬರುತ್ತೇನೆಂದು ಹೇಳಿ ಹೋಗಿದ್ದರು. ಮರಳಿ ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅದನ್ನು ಮರೆಯಲಾಗದೆ ಅವರು 2001ರಲ್ಲಿ ಶುರುಮಾಡಿದ, ಯಾರೂ ಒಂಟಿಯಾಗಿ ಸಾಯಬಾರದು ಎಂಬ ಕಾರ್ಯಕ್ರಮವನ್ನು ನೋಡಿ ಎಷ್ಟೋ ಆಸ್ಪತ್ರೆಗಳು ಅಂಥದೇ ಸರದಿ ಪಟ್ಟಿ ಮಾಡಿಕೊಂಡಿವೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮೂರು ದಿನ ಬಿಡದೆ ಕೂತಿದ್ದ ಮಗ ಕೈತೊಳೆಯಲು ಎದ್ದುಹೋದ ಎರಡು ನಿಮಿಷದಲ್ಲಿ ಜೀವ ಹೋಗುವುದನ್ನು ಹಾಸ್ಪಿಸ್‌ನಲ್ಲಿರುವ ಎಲ್ಲರೂ ಕಂಡಿದ್ದಾರೆ. ಆ ಮಗನಿಗೆ ಹೇಳಬಹುದಾದದ್ದು ಇಷ್ಟೇ: ಇದು ಬಹಳ ಸಲ ಹೀಗೇ ಆಗುತ್ತದೆ, ನಿಮ್ಮ ತಪ್ಪಲ್ಲ.

ಉಡುಗೊರೆ, ಹಣ ಕೊಟ್ಟರೆ ತೆಗೆದುಕೊಳ್ಳಬಹುದೇ? ಫೋನ್ ಸಂಖ್ಯೆ ಕೊಡಬಹುದೇ?

ಹಣ ಬೇಡ. ಸ್ವಂತ ಸಂಖ್ಯೆ ಬೇಡ. ಸಂಪರ್ಕವೆಲ್ಲ ಸಂಯೋಜಕರ ಮೂಲಕವೇ ಇರಲಿ. ಮನೆಯವರು ಒತ್ತಾಯ ಮಾಡಿದರೆ ಸಂಸ್ಥೆಗೆ ದೇಣಿಗೆ ಕೊಡಬಹುದೆಂದು ತಿಳಿಸಿ.

ನೋಡಿದ್ದನ್ನು ಬೇರೆಯವರೊಂದಿಗೆ ಹಂಚಿಕೊಳ್ಳಬಹುದೇ?

ಸಂಯೋಜಕರೊಂದಿಗೆ, ತಂಡದ ಸಭೆಯಲ್ಲಿ ಹಂಚಿಕೊಳ್ಳಬೇಕು. ಪ್ರತಿ ಭೇಟಿಯ ಬಳಿಕ ಒಂದು ಟಿಪ್ಪಣಿ ಬರೆಯಬೇಕಾಗುತ್ತದೆ: ಎಷ್ಟು ಹೊತ್ತು ಇದ್ದಿರಿ, ಏನು ಕಂಡಿರಿ. ‘ನೆಮ್ಮದಿಯಾಗಿದ್ದರು’ ಎಂದು ಬರೆಯುವುದಕ್ಕಿಂತ ‘ಎಡಗಡೆ ತಿರುಗುವಾಗ ಮುಖ ಕಿವುಚಿದರು’ ಎಂದು ಬರೆದರೆ ನರ್ಸ್‌ಗೆ ಉಪಯೋಗ. ಹೊರಗಿನವರಿಗೆ ಹೆಸರು, ಊರು, ಕಾಯಿಲೆ ಯಾವುದನ್ನೂ ಹೇಳುವಂತಿಲ್ಲ. ರೋಗಿಯ ಕೈ ಹಿಡಿದ ಫೋಟೊ ತೆಗೆದು ಸಾಮಾಜಿಕ ಜಾಲತಾಣದಲ್ಲಿ ಹಾಕುವುದು, ಮುಖ ಕಾಣದಿದ್ದರೂ, ಅಕ್ಷಮ್ಯ.

ಇಷ್ಟು ಸಾವುಗಳನ್ನು ನೋಡಿ ನಾನು ಕುಗ್ಗಿಹೋಗುವುದಿಲ್ಲವೇ?

ಕೆಲವೊಮ್ಮೆ ಕುಗ್ಗುತ್ತೀರಿ. ಅಳು ಬಂದರೆ ಅಳಬಹುದು. ಮನೆಯವರಿಗಿಂತ ಹೆಚ್ಚು ಅಳಬಾರದು ಎಂದು ನನಗೆ ಕಲಿಸಿದವರು ಹೇಳುತ್ತಿದ್ದರು. ತಂಡದ ತಿಂಗಳ ಸಭೆಗಳನ್ನು ತಪ್ಪಿಸಬೇಡಿ. ನಿದ್ದೆ ಕೆಟ್ಟರೆ, ಭೇಟಿಯ ದಿನ ಹತ್ತಿರ ಬಂದಂತೆ ಹೊಟ್ಟೆಯಲ್ಲಿ ಸಂಕಟವಾದರೆ, ಅಥವಾ ಇದಕ್ಕೆ ತದ್ವಿರುದ್ಧವಾಗಿ ಯಾವುದೂ ತಟ್ಟದಂತಾದರೆ, ಬಿಡುವು ಕೇಳಿ. ಒಂದು ಸಾವಿನ ಬೆನ್ನಿಗೇ ಇನ್ನೊಬ್ಬ ರೋಗಿಯನ್ನು ಒಪ್ಪಿಕೊಳ್ಳಬೇಕೆಂಬ ಕಡ್ಡಾಯವಿಲ್ಲ.

ರೋಗಿಗಳ ಹತ್ತಿರ ಹೋಗಲು ನನ್ನಿಂದಾಗದು. ಬೇರೆ ಕೆಲಸವಿದೆಯೇ?

ಬೇಕಾದಷ್ಟಿದೆ: ಸ್ವಾಗತ ಮೇಜು, ವಾಹನ ಚಾಲನೆ, ಲೆಕ್ಕಪತ್ರ, ಅನುವಾದ, ತೋಟ, ಬಟ್ಟೆ ಹೊಲಿಗೆ. ಸಾವಿನ ನಂತರ ಸುಮಾರು ಒಂದು ವರ್ಷದವರೆಗೆ ಮನೆಯವರಿಗೆ ಕರೆ ಮಾಡಿ ವಿಚಾರಿಸುವ ಕೆಲಸವೂ ಅನೇಕ ಹಾಸ್ಪಿಸ್‌ಗಳಲ್ಲಿದೆ. ಇದಕ್ಕೆ ಪ್ರತ್ಯೇಕ ತರಬೇತಿ ಬೇಕು.

ನಡುವೆ ಬಿಡಬೇಕೆನಿಸಿದರೆ?

ಬಿಡಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಸಂಯೋಜಕರಿಗೆ ಒಂದೆರಡು ವಾರ ಮೊದಲೇ ತಿಳಿಸಿ, ಗುರುತಿನ ಚೀಟಿ ಹಿಂದಿರುಗಿಸಿ. ಆದರೆ ನೀವು ಭೇಟಿಯಾಗುತ್ತಿದ್ದ ರೋಗಿಗೆ ಫೋನಿನಲ್ಲಿ ಅಥವಾ ಬೇರೆಯವರ ಬಾಯಿಂದ ಹೇಳಿಸಬೇಡಿ. ಖುದ್ದಾಗಿ ಹೋಗಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತು, ಇದು ನನ್ನ ಕೊನೆಯ ಭೇಟಿ ಎಂದು ಹೇಳಿ. ಸಂಕೋಚದಿಂದ ‘ಮುಂದಿನ ವಾರ ಬರುತ್ತೇನೆ’ ಎಂದು ಬಾಯಿತಪ್ಪಿ ಅಂದರೆ ಅವರು ಮುಂದಿನ ವಾರ ಬಾಗಿಲ ಕಡೆ ನೋಡುತ್ತಾ ಮಲಗಿರುತ್ತಾರೆ.